ಮುಂಬೈ, ಮಂಗಳೂರಿನ ಮಳೆನೀರಿನ ಯೋಜನೆ ನಮ್ಮ ಹುಬ್ಬಳ್ಳಿಗೆ ಹೊಂದುತ್ತಾ?

ತಗ್ಗಿನ_ಓಣಿ
ನಮಸ್ಕಾರ ಎಲ್ಲರಿಗೂ. ಹುಬ್ಬಳ್ಳಿಯಲ್ಲಿ ನಮ್ಮದು ತಗ್ಗಿನ ಓಣಿ. ಅಡ್ಡಮಳೆ ಒಂದು ತಾಸು ಜೋರಾಗಿ ಹೊಡೆದರೆ ಸಾಕು, ಗಟಾರದ ನೀರು ಮೊದಲು ರಸ್ತೆಗೆ ಬರುತ್ತದೆ, ಆಮೇಲೆ ಪಡಸಾಲೆಗೆ. ಈ ವರ್ಷ ಓಣಿ ಸಂಘದಿಂದ ಒಂದು ಮನವಿ ಬರೆದು ಕೊಡೋಣ ಅಂತ ಕೂತಿದ್ದೇವೆ. ಬರೀ ಗಟಾರ ಸ್ವಚ್ಛ ಮಾಡಿ ಅಂತ ಬರೆದರೆ ಜೆಸಿಬಿ ಒಂದು ದಿನ ಬಂದು ಹೋಗುತ್ತದೆ, ಅಷ್ಟೇ. ಸರಿಯಾದ ಯೋಜನೆಯನ್ನೇ ಕೇಳಬೇಕು.

ಸಂಘದಲ್ಲಿ ಎರಡು ಮಾತು ನಡೆದಿದೆ. ಒಬ್ಬರ ಮಗ ಮುಂಬೈಯಲ್ಲಿದ್ದಾನೆ. ಅಲ್ಲಿ ದೊಡ್ಡ ಪಂಪ್ ಕೂರಿಸಿ ಮಳೆನೀರನ್ನು ಸಮುದ್ರಕ್ಕೆ ಎತ್ತಿ ಹಾಕುತ್ತಾರೆ, ನಾವೂ ಅದನ್ನೇ ಕೇಳೋಣ ಅನ್ನುತ್ತಾರೆ ಅವರು. ಇನ್ನೊಬ್ಬರು ಮಂಗಳೂರಿನಲ್ಲಿ ನೌಕರಿ ಮಾಡಿ ಬಂದವರು. ಅಷ್ಟು ಮಳೆ ಬೀಳುವ ಊರಿನಲ್ಲಿ ಹೇಗೆ ಕಟ್ಟಿದ್ದಾರೋ ಹಾಗೇ ಕಟ್ಟಿಸಿದರೆ ನಮ್ಮ ಮಳೆ ಯಾವ ಲೆಕ್ಕ ಅನ್ನುವುದು ಅವರ ವಾದ. ಕೇಳುವುದಕ್ಕೆ ಎರಡೂ ಸರಿ ಅನಿಸುತ್ತದೆ.

ಗೊತ್ತಿದ್ದವರು ಹೇಳಿ. ಕರಾವಳಿ ಊರುಗಳಲ್ಲಿ ಏನು ಮಾಡಿದ್ದಾರೆ? ಅದರಲ್ಲಿ ನಮಗೆ ಬೇಕಾದ್ದು ಯಾವುದು?

ಫರಸಿ_ತೆಗೀರಿ
ಗಟಾರದ ಮೇಲೆ ಫರಸಿ ಹಾಸಿ ಅಂಗಡಿ ಇಟ್ಟಿದ್ದಾರಲ್ಲ, ಮೊದಲು ಅದನ್ನು ತೆಗೆಸಿ. ಯೋಜನೆ ಆಮೇಲೆ.

ದಾದರ್_ಹುಬ್ಬಳ್ಳಿ
ನಾನು ಹುಬ್ಬಳ್ಳಿಯವನೇ, ಮುಂಬೈಗೆ ಬಂದು ಸಂಸಾರ ಹೂಡಿದ್ದೇನೆ. ಇಲ್ಲಿ ಪಂಪ್ ಯಾಕೆ ಹಾಕಿದ್ದಾರೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ.

ಮುಂಬೈಯ ಎಷ್ಟೋ ಭಾಗ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲ. ಮಳೆನೀರಿನ ನಾಲಾಗಳು ಸಮುದ್ರ ಸೇರುವ ಬಾಯಿಗಳು 186 ಇವೆ. ಅದರಲ್ಲಿ 45 ಸಮುದ್ರದ ಸರಾಸರಿ ಮಟ್ಟಕ್ಕಿಂತಲೂ ಕೆಳಗಿವೆ. ಉಳಿದವುಗಳಲ್ಲಿ ಬಹುಪಾಲು ಉಬ್ಬರದ ಮಟ್ಟಕ್ಕಿಂತ ಕೆಳಗೆ. ದೊಡ್ಡ ಉಬ್ಬರದ ದಿನ ಸಮುದ್ರ ನಾಲ್ಕೂವರೆ ಮೀಟರ್ ದಾಟಿ ಏರುತ್ತದೆ. ಆಗ ನಾಲಾದ ಬಾಗಿಲು ಮುಚ್ಚದಿದ್ದರೆ ಉಪ್ಪುನೀರೇ ಊರೊಳಗೆ ನುಗ್ಗುತ್ತದೆ. ಮುಚ್ಚಿದರೆ ಊರಿನ ಮಳೆನೀರಿಗೆ ಹೋಗಲು ದಾರಿಯಿಲ್ಲ. ಅದಕ್ಕೇ ಪಂಪ್.

2005ರ ಜುಲೈ 26ರಂದು ಸಾಂತಾಕ್ರೂಝ್‌ನಲ್ಲಿ 24 ತಾಸಿಗೆ 944 ಮಿ.ಮೀ. ಮಳೆ ಬಿತ್ತು. ಹುಬ್ಬಳ್ಳಿಗೆ ಸಾಮಾನ್ಯವಾಗಿ ಇಡೀ ವರ್ಷಕ್ಕೂ ಅಷ್ಟು ಬೀಳುವುದಿಲ್ಲ. ಹಳೇ ನಾಲಾಗಳು ತಾಸಿಗೆ 25 ಮಿ.ಮೀ. ಮಳೆಯ ಲೆಕ್ಕಕ್ಕೆ ಕಟ್ಟಿದವು. ಅದನ್ನು 50 ಮಿ.ಮೀ.ಗೆ ಏರಿಸಿ, ಪಂಪ್ ಕೂರಿಸಿ ಅಂತ 1993ರಲ್ಲೇ ಮುಂಬೈ ಮಳೆನೀರು ಚರಂಡಿಗಳ ಬ್ರಿಮ್‌ಸ್ಟೋವಾಡ್ ವರದಿ ಹೇಳಿತ್ತು. ಕೆಲಸ ಜೋರು ಹಿಡಿದದ್ದು ಮಾತ್ರ 2005ರಲ್ಲಿ ಜನ ಸತ್ತ ಮೇಲೆ. ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್, ಬ್ರಿಟಾನಿಯಾ ಹೀಗೆ ಒಂದೊಂದೇ ಪಂಪಿಂಗ್ ಸ್ಟೇಷನ್ ಆದವು. ಹಿಂದ್‌ಮಾತಾ ತಗ್ಗಿಗೆ ಅದೂ ಸಾಲಲಿಲ್ಲ. ಅಲ್ಲಿ ನೆಲದೊಳಗೆ ದೊಡ್ಡ ಟಾಕಿ ಕಟ್ಟಿದರು. ಮಳೆ ಹೊಡೆಯುವಾಗ ನೀರು ಅದರಲ್ಲಿ ತುಂಬಿಟ್ಟು, ಉಬ್ಬರ ಇಳಿದ ಮೇಲೆ ಬಿಡುತ್ತಾರೆ.

ಹುಬ್ಬಳ್ಳಿ ಸಮುದ್ರ ಮಟ್ಟದಿಂದ 600 ಮೀಟರ್‌ಗೂ ಎತ್ತರದಲ್ಲಿದೆ. ಇಳಿಜಾರು ಇರುವ ಊರಿಗೆ ಪಂಪ್ ಯಾಕ್ರೀ? ಮಳೆ ಬಂದ ಕೂಡಲೇ ಕರೆಂಟ್ ಹೋದರೆ ಏನು ಮಾಡುತ್ತೀರಿ?

ತಗ್ಗಿನ_ಓಣಿ
ಇದು ಚಲೋ ತಿಳಿಯಿತು ಅಣ್ಣಾವ್ರೇ. ಆದರೆ ಅಂಡರ್‌ಪಾಸ್‌ಗಳಿಗೆ ಇಲ್ಲೂ ಪಂಪ್ ಹಾಕುತ್ತಾರಲ್ಲ?

ದಾದರ್_ಹುಬ್ಬಳ್ಳಿ
ಅಂಡರ್‌ಪಾಸ್ ಸುತ್ತಲಿನ ನೆಲಕ್ಕಿಂತ ತಗ್ಗು ತೋಡಿ ಮಾಡಿದ್ದು. ಅಲ್ಲಿ ಬೇರೆ ಉಪಾಯ ಇಲ್ಲ. ನಿಮ್ಮ ಓಣಿಯ ಕೆಳಗೆ ಇನ್ನೂ ತಗ್ಗಿನಲ್ಲಿ ಹಳ್ಳವೋ ನಾಲಾವೋ ಇದ್ದೇ ಇರುತ್ತದೆ. ಅದನ್ನು ಹುಡುಕಿ.

ಕುಮಟೆಯ_ಸೊಸೆ
ಉಬ್ಬರದ ಬಾಗಿಲಿನ ಮಾತು ಬಂತಲ್ಲ, ಒಂದು ಮಾತು ಸೇರಿಸುತ್ತೇನೆ. ನಾನು ಕುಮಟಾದವಳು, ಮದುವೆಯಾಗಿ ಹುಬ್ಬಳ್ಳಿಗೆ ಬಂದಿದ್ದೇನೆ. ನಮ್ಮ ಅಘನಾಶಿನಿ ಹೊಳೆಯ ಅಳಿವೆ ಹತ್ತಿರ ಉಪ್ಪುನೀರು ಬರುವ ತಗ್ಗಿನ ಗದ್ದೆಗಳಿವೆ, ಅವಕ್ಕೆ ಗಜನಿ ಅನ್ನುತ್ತೇವೆ. ಅಲ್ಲಿ ಇದೇ ವಿದ್ಯೆ ತಲೆಮಾರುಗಳಿಂದ ಇದೆ. ಒಡ್ಡಿಗೆ ಕಟ್ಟಿಗೆಯ ಬಾಗಿಲು ಕೂರಿಸುತ್ತಾರೆ, ಅದೇ ಜಂತ್ರಡಿ. ಒಳಗಿನ ನೀರು ಜಾಸ್ತಿಯಾದಾಗ ಹೊರಗೆ ಬಿಡಬಹುದು, ಉಬ್ಬರದ ಉಪ್ಪುನೀರು ಒಳಗೆ ಬರದಂತೆ ತಡೆಯಬಹುದು. ಅಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪುನೀರನ್ನೂ ತಾಳಿಕೊಳ್ಳುತ್ತದೆ.

ಗಜನಿಯಲ್ಲಿ ಮನೆ ಕಟ್ಟುತ್ತಿರಲಿಲ್ಲ. ನೀರು ಬಂದು ನಿಲ್ಲುವ ಜಾಗ ಅಂತ ಎಲ್ಲರಿಗೂ ಗೊತ್ತಿತ್ತು. ಪಟ್ಟಣಗಳಲ್ಲಿ ಆ ತಿಳಿವಳಿಕೆ ಹೋಯಿತು. ಅದಕ್ಕೆ ಈಗ ಕೋಟಿಗಟ್ಟಲೆ ಸುರಿಯಬೇಕಾಗಿದೆ.

ಕೊಟ್ಟಾರ_ಚೌಕಿ
ಮಂಗಳೂರಿನಂತೆ ಕಟ್ಟಿಸಿ ಅಂದವರಿಗೆ ನನ್ನದೊಂದು ವಿನಂತಿ, ಮಾರಾಯ್ರೆ. ಜೂನ್‌ನಲ್ಲಿ ಒಮ್ಮೆ ಬಂದು ನೋಡಿ. ನಾನು ಗದಗದವನು, ಕೆಲಸಕ್ಕಾಗಿ ಇಲ್ಲಿದ್ದೇನೆ. 2018ರ ಮೇ 29ರಂದು ಇಡೀ ಊರು ನೀರಿನಲ್ಲಿ ನಿಂತಿತ್ತು. ಕೊಟ್ಟಾರ ಚೌಕಿ, ಪಂಪ್‌ವೆಲ್ ಕಡೆ ಜೋರು ಮಳೆ ಬಂದರೆ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ.

ಇಲ್ಲಿನ ನೆಲವೇ ಬೇರೆ. ಊರು ನೇತ್ರಾವತಿ ಮತ್ತು ಗುರುಪುರ ಎಂಬ ಎರಡು ಹೊಳೆಗಳ ನಡುವೆ ಇದೆ. ಎರಡೂ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಊರೊಳಗೆ ಕೆಂಪು ಕಲ್ಲಿನ ಗುಡ್ಡಗಳು, ಗುಡ್ಡಗಳ ನಡುವೆ ಮೊದಲು ಗದ್ದೆ. ಗುಡ್ಡದ ನೀರು ಇಳಿದು ಗದ್ದೆಯಲ್ಲಿ ಹರಡಿ ನಿಧಾನವಾಗಿ ತೋಡಿಗೆ ಹೋಗುತ್ತಿತ್ತು. ಗುಡ್ಡ ಕಡಿದು ಆ ಮಣ್ಣನ್ನೇ ಗದ್ದೆಗೆ ತುಂಬಿ ಅಪಾರ್ಟ್‌ಮೆಂಟ್ ಎಬ್ಬಿಸಿದರು. ಈಗ ಮೇಲಿಂದ ನೀರೂ ಬರುತ್ತದೆ, ಮಣ್ಣೂ ಬರುತ್ತದೆ, ರಾಜಕಾಲುವೆಯಲ್ಲಿ ಹೂಳು ತುಂಬುತ್ತದೆ. ಹೊಳೆ ತುಂಬಿದ ದಿನ ಉಬ್ಬರವೂ ಬಂದರೆ ಕಾಲುವೆ ನೀರು ಹಿಮ್ಮುಖ ಒತ್ತುತ್ತದೆ.

ಕಾಲುವೆಯ ಗೋಡೆ ಎತ್ತರ ಮಾಡಿದ ಕಡೆ ಇನ್ನೊಂದು ತೊಂದರೆ. ಕಾಲುವೆ ನೀರು ಹೊರಗೆ ಬರುವುದಿಲ್ಲ ಸರಿ. ಹೊರಗೆ ಬಿದ್ದ ನೀರು ಕಾಲುವೆಗೆ ಹೋಗುವುದೂ ಇಲ್ಲ!

ಹಳೇ_ಹುಬ್ಬಳ್ಳಿಯವ
ಆ ಕೊನೇ ಮಾತು ನಮ್ಮ ಕಡೆಗೂ ಹೊಂದುತ್ತದೆ. ನಾಲಾಕ್ಕೆ ಗೋಡೆ ಕಟ್ಟಿದರು, ಪಕ್ಕದ ಓಣಿಯ ನೀರು ಒಳಗೆ ಹೋಗಲು ಸರಿಯಾದ ತೂತು ಬಿಡಲಿಲ್ಲ.

ಲೆವೆಲ್_ಮಷೀನ್
ಮೂವತ್ತು ವರ್ಷ ರಸ್ತೆ, ಗಟಾರ ಅಳೆದವನು ನಾನು. ಈಗ ನಿವೃತ್ತಿ. ಸ್ವಲ್ಪ ಲೆಕ್ಕ ಹೇಳುತ್ತೇನೆ, ಸಮಾಧಾನದಿಂದ ಓದಿ.

ಮಂಗಳೂರಿಗೆ ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಬೀಳುತ್ತದೆ, ನಮಗೆ 700–800 ಅಷ್ಟೇ, ಆದ್ದರಿಂದ ಅಲ್ಲಿನ ಗಟಾರ ಇಲ್ಲಿಗೆ ಧಾರಾಳವಾಯಿತು ಅನ್ನುವ ವಾದ ನಿಲ್ಲುವುದಿಲ್ಲ. ಗಟಾರದ ಅಳತೆ ವರ್ಷದ ಮಳೆಯಿಂದ ಬರುವುದಿಲ್ಲ, ತಾಸಿನ ಮಳೆಯಿಂದ ಬರುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆ ಅರ್ಧ ತಾಸಿನಲ್ಲಿ ಸುರಿಯುವ ರಭಸ ಕರಾವಳಿಯ ಮಳೆಗೇನೂ ಕಡಿಮೆ ಅಲ್ಲ. ವ್ಯತ್ಯಾಸ ಏನಂದರೆ ಅವರದು ತಿಂಗಳುಗಟ್ಟಲೆ ಬಿಡದೆ ಸುರಿಯುತ್ತದೆ, ನಮ್ಮದು ಹೊಡೆದು ಹೋಗುತ್ತದೆ.

ಒಂದು ಎಕರೆ ಮೇಲೆ ಒಂದು ತಾಸಿನಲ್ಲಿ 50 ಮಿ.ಮೀ. ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರು. ಹೊಲವಾಗಿದ್ದರೆ ಒಂದಷ್ಟು ಇಂಗುತ್ತದೆ, ಒಂದಷ್ಟು ಬದುವಿಗೆ ನಿಲ್ಲುತ್ತದೆ, ಉಳಿದದ್ದು ನಿಧಾನ ಹರಿಯುತ್ತದೆ. ಅದೇ ಜಾಗ ಕಾಂಕ್ರೀಟ್, ತಾರಸಿ ಆದ ಮೇಲೆ ಹೆಚ್ಚುಕಡಿಮೆ ಪೂರಾ ನೀರು ಗಟಾರಕ್ಕೆ ಬೀಳುತ್ತದೆ. ಅಂದರೆ ಎಕರೆಗೆ ಸೆಕೆಂಡಿಗೆ 56 ಲೀಟರ್. ನಿಮ್ಮ ಓಣಿಗೆ ಮೇಲಿನ 20 ಎಕರೆ ಬಡಾವಣೆಯ ನೀರು ಬರುತ್ತದೆ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 1,100 ಲೀಟರ್ ದಾಟಿತು. ಎರಡಡಿ ಅಗಲ, ಎರಡಡಿ ಆಳದ ಗಟಾರ ಇದೆ. ನೀರು ಸೆಕೆಂಡಿಗೆ ಒಂದೂವರೆ ಮೀಟರ್ ಓಡಿದರೆ ದಂಡೆ ತುಂಬಿ ಹರಿದರೂ ಸುಮಾರು 550 ಲೀಟರ್ ಒಯ್ಯುತ್ತದೆ. ಉಳಿದ ಅರ್ಧ ಎಲ್ಲಿಗೆ ಹೋಗಬೇಕು? ನಿಮ್ಮ ಪಡಸಾಲೆಗೆ. ಗಟಾರದಲ್ಲಿ ಅರ್ಧ ಹೂಳು ಇದ್ದರೆ ಆ 550ರಲ್ಲಿ ಅರ್ಧವೂ ಹೋಗುವುದಿಲ್ಲ.

ಹೀಗಾಗಿ ಮನವಿಯಲ್ಲಿ ಗಟಾರ ಕೊಡಿ ಅಂತ ಬರೆಯಬೇಡಿ. ಮೂರು ಪ್ರಶ್ನೆ ಕೇಳಿ. ಎಷ್ಟು ಎಕರೆಯ ನೀರು ಈ ಗಟಾರಕ್ಕೆ ಬರುತ್ತದೆ ಅಂತ ಲೆಕ್ಕ ಹಾಕಿದ್ದೀರಿ? ತಾಸಿಗೆ ಎಷ್ಟು ಮಿ.ಮೀ. ಮಳೆ ಹಿಡಿದಿದ್ದೀರಿ, ಅದು ಎರಡು ವರ್ಷಕ್ಕೊಮ್ಮೆ ಬರುವ ಮಳೆಯೋ ಐದು ವರ್ಷಕ್ಕೊಮ್ಮೆ ಬರುವುದೋ? ಗಟಾರದ ತಳ ಆರಂಭದಲ್ಲಿ ಎಷ್ಟು ಮಟ್ಟ, ಕೊನೆಯಲ್ಲಿ ಎಷ್ಟು? ಈ ಲೆಕ್ಕ ಹೇಗೆ ಹಾಕಬೇಕು ಅಂತ ಕೇಂದ್ರ ಸರ್ಕಾರ 2019ರಲ್ಲಿ ಮಳೆನೀರು ಚರಂಡಿಗೆಂದೇ ಒಂದು ಕೈಪಿಡಿ ತಂದಿದೆ. ಅದರಂತೆ ಮಾಡಿದ್ದೀರಾ ಅಂತ ಕೇಳುವ ಹಕ್ಕು ನಿಮಗಿದೆ.

ಫರಸಿ_ತೆಗೀರಿ
ಲೆಕ್ಕ ಸರಿ ಇದೆ ಸರ್. ಆದರೆ ಆ ಎರಡಡಿ ಗಟಾರವೂ ಪೂರ್ತಿ ಸಿಗುತ್ತಿಲ್ಲ. ಒಳಗೆ ನೀರಿನ ಪೈಪ್, ಕೇಬಲ್, ಯಾರದೋ ಮನೆಯ ಮೆಟ್ಟಿಲು. ಅದನ್ನು ಯಾವ ಕೈಪಿಡಿ ತೆಗೆಸುತ್ತದೆ?

ಲೆವೆಲ್_ಮಷೀನ್
ತೆಗೆಸಲೇಬೇಕು. ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ನಾನು ಹೇಳಿದ್ದು, ತೆಗೆಸಿದ ಮೇಲೂ ನೀರು ಹಿಡಿಸುತ್ತದಾ ಅಂತ ನೋಡಬೇಕು ಅನ್ನುವುದು.

ಮಂಜು_ಬೈರಿದೇವರಕೊಪ್ಪ
ಎಲ್ಲರೂ ಗಟಾರದ ಬಗ್ಗೆ ಮಾತಾಡುತ್ತಿದ್ದೀರಿ, ರಸ್ತೆ ಬಗ್ಗೆ ಯಾರೂ ಹೇಳಲಿಲ್ಲ. ಹಳೇ ಡಾಂಬರು ಕೆರೆದು ತೆಗೆಯದೆ ಮೇಲೆ ಮೇಲೆ ಹೊಸ ಪದರು ಹಾಕಿ ಹಾಕಿ ರಸ್ತೆ ಎತ್ತರ, ಮನೆ ತಗ್ಗು. ನಮ್ಮ ಅಜ್ಜ ಕಟ್ಟಿಸಿದ ಮನೆಗೆ ಮೊದಲು ಮೂರು ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು.

ಬೆಣ್ಣಿಹಳ್ಳದ_ದಂಡೆ
ನವಲಗುಂದ ಕಡೆಯ ರೈತ ನಾನು. ಬಹಳ ಹೊತ್ತಿನಿಂದ ಓದುತ್ತಿದ್ದೇನೆ. ನೀರು ಬೇಗ ಹೋಗಬೇಕು, ಬೇಗ ಹೋಗಬೇಕು ಅನ್ನುತ್ತಿದ್ದೀರಿ. ಎಲ್ಲಿಗೆ ಹೋಗಬೇಕು ಅಂತ ಒಬ್ಬರೂ ಕೇಳಲಿಲ್ಲ.

ನಿಮ್ಮ ಉಣಕಲ್ ನಾಲಾದ ನೀರು ಬೆಣ್ಣಿಹಳ್ಳಕ್ಕೆ ಬರುತ್ತದೆ. ಬೆಣ್ಣಿಹಳ್ಳ ಶಿಗ್ಗಾವಿ ಕಡೆ ಹುಟ್ಟಿ ನಮ್ಮ ಎರೆ ಹೊಲಗಳ ನಡುವೆ ಹರಿದು ಮಲಪ್ರಭೆ ಸೇರುತ್ತದೆ. ಧಾರವಾಡ ಕಡೆಯಿಂದ ತುಪ್ಪರಿಹಳ್ಳ ಬಂದು ಇದಕ್ಕೇ ಕೂಡುತ್ತದೆ. ಬೇಸಿಗೆಯಲ್ಲಿ ಇದರಲ್ಲಿ ಹರಿಯುವುದು ಬಹುಪಾಲು ನಿಮ್ಮ ಊರಿನ ಹೊಲಸು ನೀರು. ಮಳೆ ಜೋರಾದರೆ ದಂಡೆ ಮೀರಿ ಮೈಲುಗಟ್ಟಲೆ ಹರಡುತ್ತದೆ. 2009ರಲ್ಲಿ ನೋಡಿದ್ದೇವೆ, 2019ರ ಆಗಸ್ಟ್‌ನಲ್ಲಿ ಮತ್ತೆ ನೋಡಿದ್ದೇವೆ. ಹೆಸರು, ಗೋವಿನಜೋಳ, ಉಳ್ಳಾಗಡ್ಡಿ ಎಲ್ಲ ಹೋಯಿತು. ಮೇಲಿನ ಮಣ್ಣು ಕೊಚ್ಚಿಕೊಂಡು ಹೋದ ಹೊಲ ಮೊದಲಿನಂತೆ ಆಗಲು ಎಷ್ಟು ವರ್ಷ ಬೇಕು ಅಂತ ನಿಮಗೆ ಗೊತ್ತಿಲ್ಲ.

ಮುಂಬೈಯವರ ಕೆಳಗೆ ಸಮುದ್ರ ಇದೆ. ನಿಮ್ಮ ಕೆಳಗೆ ನಾವಿದ್ದೇವೆ.

ತಗ್ಗಿನ_ಓಣಿ
ಕಾಕಾ, ಇದು ನಮ್ಮ ಸಂಘದಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಹಾಗಾದರೆ ನಾವು ಏನು ಕೇಳಬೇಕು?

ವೇಳಚೇರಿ_ವಾಸಿ
ರೈತಣ್ಣ ಹೇಳಿದ್ದಕ್ಕೆ ಚೆನ್ನೈಯಿಂದ ಒಂದು ಸಾಕ್ಷಿ. ಹಾವೇರಿ ನಮ್ಮ ಊರು, ಇಲ್ಲಿ ವೇಳಚೇರಿಯಲ್ಲಿ ಮನೆ ಮಾಡಿದ್ದೇನೆ. ಚೆನ್ನೈ ಚಪ್ಪಟೆ ಊರು. ಬಹಳ ಜಾಗ ಸಮುದ್ರಕ್ಕಿಂತ ಕೆಲವೇ ಮೀಟರ್ ಎತ್ತರ. ಮೊದಲು ಪಶ್ಚಿಮದ ಕಡೆ ಒಂದರ ಕೆಳಗೊಂದು ಕೆರೆಗಳು ಇದ್ದವು. ದಕ್ಷಿಣದಲ್ಲಿ ಪಳ್ಳಿಕರಣೆ ಎಂಬ ದೊಡ್ಡ ಜೌಗು, ಸುತ್ತಲಿನ ಹತ್ತಾರು ಕೆರೆಗಳ ಕೋಡಿ ನೀರು ಅಲ್ಲಿ ಬಂದು ನಿಂತು ನಿಧಾನ ಸಮುದ್ರಕ್ಕೆ ಹೋಗುತ್ತಿತ್ತು. ಈಗ ಅದರ ಸಣ್ಣ ಪಾಲು ಉಳಿದಿದೆ. ಕಸದ ಗುಡ್ಡ, ಐಟಿ ಕಂಪನಿ, ರಸ್ತೆ, ಮನೆ ಎಲ್ಲ ಅದರ ಮೇಲೇ ಬಂದವು.

2015ರ ಡಿಸೆಂಬರ್‌ನಲ್ಲಿ ಚೆಂಬರಂಬಾಕ್ಕಂ ಕೆರೆಯಿಂದ 29,000 ಕ್ಯೂಸೆಕ್ ಬಿಟ್ಟಾಗ ಅಡಯಾರ್ ಹೊಳೆ ಊರೊಳಗೆ ನುಗ್ಗಿತು. ಆಮೇಲೆ ಸಾವಿರಾರು ಕೋಟಿಯ ಮಳೆನೀರು ಚರಂಡಿ ಕಟ್ಟಿದರು. ಕೊಸಸ್ತಲೈಯಾರ್ ಭಾಗಕ್ಕೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ಬಂತು. ಎಷ್ಟೋ ಓಣಿಗಳಲ್ಲಿ ಸಣ್ಣ ಮಳೆಗೆ ನೀರು ನಿಲ್ಲುವುದು ತಪ್ಪಿತು, ಅದನ್ನು ಒಪ್ಪಬೇಕು. ಆದರೆ 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಸಮುದ್ರವೇ ಏರಿತ್ತು. ಚರಂಡಿಯ ನೀರನ್ನು ಹೊಳೆ ತೆಗೆದುಕೊಳ್ಳಲಿಲ್ಲ, ಹೊಳೆಯ ನೀರನ್ನು ಸಮುದ್ರ ತೆಗೆದುಕೊಳ್ಳಲಿಲ್ಲ. ನೀರು ನಿಲ್ಲಲು ಜಾಗ ಬಿಡದೆ ಬರೀ ಓಡಿಸುವ ಯೋಜನೆ ದೊಡ್ಡ ಮಳೆಗೆ ಸೋಲುತ್ತದೆ.

ಇನ್ನೊಂದು. ಈಸ್ಟ್ ಕೋಸ್ಟ್ ರಸ್ತೆ ಪಕ್ಕದ ಮರಳು ನೆಲದಲ್ಲಿ ಕಾಂಕ್ರೀಟ್ ಚರಂಡಿ ಬೇಡ, ಇಲ್ಲಿ ನೀರು ತಾನೇ ಇಂಗುತ್ತದೆ ಅಂತ ಅಲ್ಲಿನ ಜನ ಹಸಿರು ನ್ಯಾಯಮಂಡಳಿಗೆ ಹೋದರು. ಎಲ್ಲಾ ನೆಲಕ್ಕೂ ಒಂದೇ ನಕ್ಷೆ ನಡೆಯುವುದಿಲ್ಲ.

ಸಾಧನಕೇರಿ_ಹಾದಿ
ನೆಲದ ಮಾತು ಬಂತು ಅಂತ ಹೇಳುತ್ತೇನೆ. ಅವಳಿ ನಗರದ ಮಳೆ ಎರಡು ಸಮುದ್ರಕ್ಕೆ ಹೋಗುತ್ತದೆ ಅಂತ ಎಷ್ಟು ಜನರಿಗೆ ಗೊತ್ತು? ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಯಾಗಿ, ಗಂಗಾವಳಿಯಾಗಿ ಪಶ್ಚಿಮದ ಸಮುದ್ರಕ್ಕೆ. ಪೂರ್ವಕ್ಕೆ ಇಳಿದ ನೀರು ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆ ಹಿಡಿದು ಬಂಗಾಳ ಕೊಲ್ಲಿಗೆ. ನಾವು ಕೂತಿರುವುದು ಏರಿಯ ಮೇಲೆ. ಏರಿಯ ಮೇಲಿನ ಊರಿನಲ್ಲಿ ಪ್ರವಾಹ ಬರುತ್ತದೆ ಅಂದರೆ ಅದು ಪೂರಾ ನಾವೇ ಮಾಡಿಕೊಂಡದ್ದು.

ಟೋಲ್ ನಾಕಾ ನೋಡಿ. ಹುಬ್ಬಳ್ಳಿ–ಧಾರವಾಡದ ನಡುವೆ ಬಸ್ಸಿಗೆಂದೇ ದಾರಿ ಬಿಟ್ಟ ಬಿಆರ್‌ಟಿಎಸ್ ರಸ್ತೆ ಆದಾಗಿನಿಂದ ಜೋರು ಮಳೆಗೆ ಅಲ್ಲಿ ನೀರು ನಿಂತ ಫೋಟೋ ಪತ್ರಿಕೆಯಲ್ಲಿ ಬರುವುದು ರೂಢಿಯಾಗಿದೆ. ಉದ್ದಕ್ಕೂ ರಸ್ತೆ ಮಾಡುವಾಗ ಅಡ್ಡ ಹರಿಯುವ ನೀರಿನ ದಾರಿ ಮೊದಲು ಗುರುತಿಸಬೇಕು.

ಕೆಲಗೇರಿ_ಗೆಳೆಯ
ಅದಕ್ಕೇ ಹೇಳುವುದು, ಧಾರವಾಡಕ್ಕೆ ಬೇರೆ ಪಾಲಿಕೆ ಆಗಬೇಕು ಅಂತ. 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ. ನಮ್ಮ ರೊಕ್ಕ ನಮ್ಮ ಗಟಾರಕ್ಕೆ.

ಹಳೇ_ಹುಬ್ಬಳ್ಳಿಯವ
ಪಾಲಿಕೆ ಒಡೆದರೆ ಹಳ್ಳ ಒಡೆಯುತ್ತದೇನು? ಧಾರವಾಡ ಕಡೆ ಬಿದ್ದ ಮಳೆ ಗಡಿ ನೋಡಿ ನಿಲ್ಲುವುದಿಲ್ಲ. ಹಳ್ಳದ ಹುಟ್ಟಿನಿಂದ ಕೊನೆಯವರೆಗೆ ಒಂದೇ ನಕ್ಷೆ ಇರಬೇಕು, ಪಾಲಿಕೆ ಒಂದಿರಲಿ ಎರಡಿರಲಿ.

ಕೆಲಗೇರಿ_ಗೆಳೆಯ
ನಕ್ಷೆ ಒಂದೇ ಇರಲಿ, ಒಪ್ಪಿದೆ. ದುಡ್ಡಿನ ಮಾತು ಬೇರೆ. ಅದನ್ನು ಇನ್ನೊಂದು ಕಡೆ ಜಗಳಾಡೋಣ.

ಬೆಟಗೇರಿ_ನೇಕಾರ
ಗದಗದಿಂದ. ಮಳೆಕೊಯ್ಲು ಅಂತ ಈಗ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ, ಎರೆ ಮಣ್ಣಿನಲ್ಲಿ ಇಂಗುಗುಂಡಿ ತೋಡಿ ಕೈ ಸುಟ್ಟುಕೊಳ್ಳಬೇಡಿ. ಮಣ್ಣು ನೀರು ಕುಡಿದು ಉಬ್ಬಿ ಮುಚ್ಚಿಕೊಳ್ಳುತ್ತದೆ. ನೀರು ದಿನಗಟ್ಟಲೆ ನಿಂತು ಸೊಳ್ಳೆ ಆಗುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಕೈ ಹೋಗುವಷ್ಟು ಬಿರಿಯುತ್ತದೆ. ಗಟಾರದ ಗೋಡೆ ಒಡೆಯುವುದೂ ಇದರಿಂದಲೇ. ಮಂಗಳೂರಿನ ಕೆಂಪು ಕಲ್ಲಿನ ನೆಲಕ್ಕೆ ಮಾಡಿದ ನಕ್ಷೆ ಇಲ್ಲಿ ತಂದು ಕಟ್ಟಿದರೆ ಎರಡನೇ ಬೇಸಿಗೆಗೆ ಗೋಡೆ ವಾಲುತ್ತದೆ. ತಳದ ಎರೆ ತೆಗೆದು ಗರಸು ತುಂಬಿ ಗುದ್ದಬೇಕು, ಗೋಡೆಯ ಹಿಂದೆ ಗರಸು ಹಾಕಬೇಕು, ಗೋಡೆಯಲ್ಲಿ ನೀರು ಜಿನುಗಲು ತೂತು ಬಿಡಬೇಕು. ಇದು ನಮ್ಮ ಕಡೆಯ ಹಳೇ ಗೌಂಡಿಗಳಿಗೆಲ್ಲ ಗೊತ್ತಿದ್ದದ್ದೇ.

ನೀರು_ನಿಲ್ಲಿಸಿ
ಬೆಟಗೇರಿಯವರೇ, ಇಂಗಿಸುವುದು ಬೇಡ ಅಂದಿರಿ, ಸರಿ. ಹಿಡಿದಿಡುವುದು ಬೇಡ ಅನ್ನಬೇಡಿ. 30–40ರ ಸೈಟಿನ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 5,500 ಲೀಟರ್. ಅದರ ಅರ್ಧವನ್ನು ಪ್ರತಿ ಮನೆಯೂ ಸಿಂಟೆಕ್ಸ್ ಟಾಕಿಗೋ ನೆಲಟಾಕಿಗೋ ತುಂಬಿಸಿಕೊಂಡರೆ ಗಟಾರದ ಮೇಲಿನ ಭಾರ ಎಷ್ಟು ಇಳಿಯುತ್ತದೆ ನೋಡಿ. ಹುಬ್ಬಳ್ಳಿಯಲ್ಲಿ ನಳದ ನೀರಿಗೆ ದಿನಗಟ್ಟಲೆ ಕಾದವರಿಗೆ ಆ ನೀರಿನ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಬೆಟಗೇರಿ_ನೇಕಾರ
ಹಿಡಿದಿಡುವುದಕ್ಕೆ ನನ್ನ ಎರಡೂ ಕೈ ಮೇಲೆ. ರೋಣ, ನವಲಗುಂದ ಕಡೆ ಬಾವಿ ನೀರು ಸವಳು. ಊರ ಕೆರೆಯ ನೀರೇ ಕುಡಿಯುವ ನೀರು. ಕೆರೆಗೆ ಕಾಲು ತೊಳೆದುಕೊಂಡು ಕೂಡ ಇಳಿಯಬಾರದು ಅಂತ ಕಾವಲು ಇಡುತ್ತಿದ್ದ ಊರುಗಳಿವೆ. ಆದರೆ ಒಂದು ನೆನಪಿಡಿ. ಟಾಕಿ ಮೊದಲೇ ತುಂಬಿದ್ದರೆ ಮುಂದಿನ ಮಳೆಗೆ ಉಪಯೋಗವಿಲ್ಲ. ಮಳೆಗಾಲದಲ್ಲಿ ಬಳಸಿ ಖಾಲಿ ಮಾಡುತ್ತಾ ಇರಬೇಕು.

ಸಾಧನಕೇರಿ_ಹಾದಿ
ಧಾರವಾಡದ ಕೆಂಪು ನೆಲದಲ್ಲಿ ಇಂಗುಗುಂಡಿ ಚಲೋ ನಡೆಯುತ್ತದೆ. ಒಂದೇ ಜಿಲ್ಲೆಯಲ್ಲಿ ಎರಡು ಲೆಕ್ಕ.

ಉಣಕಲ್_ಕೋಡಿ
ನಿಜವಾದ ಟಾಕಿ ಅಂದರೆ ಕೆರೆ. ಮುಂಬೈಯವರು ನೆಲ ಅಗೆದು ಟಾಕಿ ಕಟ್ಟಿದರು. ನಮಗೆ ಹಿರಿಯರು ಕಟ್ಟಿಕೊಟ್ಟದ್ದೇ ಇದೆ. ಉಣಕಲ್ ಇದೆ, ತೋಳನಕೆರೆ ಇದೆ, ನಾಗಶೆಟ್ಟಿಕೊಪ್ಪ ಇದೆ. ಧಾರವಾಡದಲ್ಲಿ ಕೆಲಗೇರಿ, ಸಾಧನಕೇರಿ, ನವಲೂರು. ಇವನ್ನೆಲ್ಲ ವಾಕಿಂಗ್ ಮಾಡುವ ಜಾಗ ಅಂತ ಮಾತ್ರ ನೋಡುತ್ತಿದ್ದೇವೆ. ಏರಿಗೆ ದೀಪ, ಬೆಂಚು, ಜಿಮ್ ಎಲ್ಲ ಬರುತ್ತದೆ. ಕೆರೆಗೆ ನೀರು ತರುವ ಕಾಲುವೆ ಎಲ್ಲಿ ಮುಚ್ಚಿದೆ, ಹೂಳು ಎಷ್ಟು ಅಡಿ ಇದೆ, ಕೋಡಿಯ ಮುಂದಿನ ದಾರಿ ಎಷ್ಟು ಅಗಲ ಉಳಿದಿದೆ ಅಂತ ಯಾರೂ ಕೇಳುವುದಿಲ್ಲ. ಮಳೆ ಬರುವ ಮೊದಲು ಕೆರೆಯಲ್ಲಿ ಸ್ವಲ್ಪ ಜಾಗ ಖಾಲಿ ಇಟ್ಟರೆ ಕೆಳಗಿನ ಓಣಿಗಳಿಗೂ ಉಸಿರಾಡಲು ಹೊತ್ತು ಸಿಗುತ್ತದೆ, ನವಲಗುಂದದ ಕಾಕಾರಿಗೂ ನೀರು ಒಮ್ಮೆಲೇ ಬಂದು ಹೊಡೆಯುವುದು ತಪ್ಪುತ್ತದೆ.

ಮಂಜು_ಬೈರಿದೇವರಕೊಪ್ಪ
ಉಣಕಲ್ ಕೆರೆ ಕೋಡಿ ಬಿದ್ದ ದಿನ ಅರ್ಧ ಹುಬ್ಬಳ್ಳಿ ಅಲ್ಲೇ ಇರುತ್ತದೆ. ಮಿರ್ಚಿ ಭಜಿ ಗಾಡಿಯವರಿಗೆ ಅವತ್ತು ಹಬ್ಬ.

ಅಕ್ಕನ_ಬಳಗ
ಹುಬ್ಬಿ ಮಳೆ ಹಿಡಿದರೆ ಕೆರೆ ತುಂಬುತ್ತದೆ ಅನ್ನುತ್ತಿದ್ದರು ನಮ್ಮ ಅವ್ವ. ಈಗ ಮಿರಗ ಯಾವಾಗ ಕೂಡಿತು, ಆರಿದ್ರಾ ಯಾವಾಗ ಹೋಯಿತು ಅಂತ ಲೆಕ್ಕ ಇಡುವವರೇ ಇಲ್ಲ.

ನಾಲಾ_ಹಸಿರು
ಉಣಕಲ್ ನಾಲಾದ ಹಸಿರು ಪಥದ ಬಗ್ಗೆಯೂ ಮಾತಾಡೋಣ. ಕೇಂದ್ರ ಸರ್ಕಾರದ ನಗರಾಭಿವೃದ್ಧಿಯ ಸಿಟಿಸ್ ಯೋಜನೆಯ ಮೊದಲ ಹಂತಕ್ಕೆ ದೇಶದಲ್ಲಿ ಆಯ್ಕೆಯಾದ 12 ಊರುಗಳಲ್ಲಿ ನಮ್ಮದೂ ಒಂದು. ಕೊಚ್ಚಿ, ಚೆನ್ನೈ, ವಿಶಾಖಪಟ್ಟಣ, ಪುದುಚೇರಿಯಂಥ ಕರಾವಳಿ ಊರುಗಳೂ ಅದರಲ್ಲಿವೆ. ನಾಲಾದ ದಂಡೆಗೆ ನಡೆಯುವ ದಾರಿ, ಸೈಕಲ್ ದಾರಿ ಬಂದರೆ ಜನ ನಾಲಾದ ಕಡೆ ಮುಖ ಮಾಡುತ್ತಾರೆ. ಕಸ ಚೆಲ್ಲುವುದು ಕಡಿಮೆಯಾಗುತ್ತದೆ.

ಲೆವೆಲ್_ಮಷೀನ್
ದಾರಿ ಬರಲಿ, ನನಗೂ ಇಷ್ಟವೇ. ಆದರೆ ದಾರಿಯನ್ನು ನಾಲಾದ ಅಗಲದೊಳಗೆ ತಂದು ಕೂರಿಸಬಾರದು. ದೊಡ್ಡ ಮಳೆಗೆ ದಾರಿ ಮುಳುಗಿದರೆ ಮುಳುಗಲಿ, ಒಂದು ದಿನ ವಾಕಿಂಗ್ ತಪ್ಪುತ್ತದೆ. ನಾಲಾ ಕಿರಿದಾದರೆ ಮನೆ ಮುಳುಗುತ್ತದೆ.

ನಾಲಾ_ಹಸಿರು
ಇಲ್ಲ ಸರ್, ದಂಡೆ ಕಟ್ಟದಿದ್ದರೆ ಅತಿಕ್ರಮಣ ನಿಲ್ಲುವುದೇ ಇಲ್ಲ. ಇವತ್ತು ದಾರಿಗೆ ಎರಡು ಮೀಟರ್ ಬಿಟ್ಟುಕೊಡದಿದ್ದರೆ ನಾಳೆ ಯಾರೋ ನಾಲ್ಕು ಮೀಟರ್ ನುಂಗುತ್ತಾರೆ.

ಲೆವೆಲ್_ಮಷೀನ್
ಅದು ನಿಜ. ಹಾಗಾದರೆ ಮೊದಲು ಗಡಿ ಅಳೆದು ಕಲ್ಲು ನೆಡಬೇಕು. ಗಡಿಯ ಒಳಗೆ ಎಷ್ಟು ನೀರಿಗೆ, ಎಷ್ಟು ದಾರಿಗೆ ಅನ್ನುವುದು ಲೆಕ್ಕದಿಂದ ಬರಲಿ.

ಸರ್ವೆ_ನಂಬರ್
ಗಡಿ ಹುಡುಕುವುದು ಕಷ್ಟವಲ್ಲ. ಸರ್ಕಾರದ ದಿಶಾಂಕ್ ಆಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ, ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆ ಗುರುತು ಕಾಣುತ್ತದೆ. ನಿಮ್ಮ ಓಣಿ ಮೊದಲು ಯಾವ ಹಳ್ಳದ ಪಾತ್ರ ಅಂತ ಗೊತ್ತಾಗಬಹುದು. ಸಂಶಯ ಇದ್ದರೆ ಮೂಲ ನಕ್ಷೆಯ ಪ್ರತಿಗೆ ಭೂಮಾಪನ ಕಚೇರಿಗೆ ಅರ್ಜಿ ಹಾಕಿ. ಮಳೆಯ ಲೆಕ್ಕ ಬೇಕಾದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ದಾಖಲಿಸುತ್ತವೆ. ನಿಮ್ಮ ಓಣಿಗೆ ನೀರು ಬಂದ ದಿನದ ಅಂಕಿ ಕೇಳಿ ತೆಗೆದುಕೊಳ್ಳಿ. ಭಾರೀ ಮಳೆ ಅಂತ ಬರೆಯುವುದಕ್ಕೂ ಇಷ್ಟು ನಿಮಿಷಕ್ಕೆ ಇಷ್ಟು ಮಿ.ಮೀ. ಅಂತ ಬರೆಯುವುದಕ್ಕೂ ಬಹಳ ಫರಕು ಇದೆ.

ತಗ್ಗಿನ_ಓಣಿ
ಎಲ್ಲರಿಗೂ ಕೈ ಮುಗಿದೆ. ಸಂಘದವರ ಮುಂದೆ ಇದನ್ನೆಲ್ಲ ಓದಿ ತೋರಿಸಿದೆ. ಪಂಪ್ ಕೇಳುವುದನ್ನು ಬಿಟ್ಟೆವು. ನಮ್ಮ ಗಟಾರ ನಾಲಾಕ್ಕೆ ಸೇರುವ ಕಡೆ ಮಟ್ಟ ಅಳೆಯಿರಿ, ಮೇಲಿನ ಬಡಾವಣೆಯ ಉದ್ಯಾನದ ಜಾಗದಲ್ಲಿ ಮಳೆನೀರು ಒಂದೆರಡು ತಾಸು ನಿಲ್ಲುವಂತೆ ತಗ್ಗು ಮಾಡಿ, ಹೊಸ ಡಾಂಬರಿಗೆ ಮೊದಲು ಹಳೇದನ್ನು ಕೆರೆಯಿರಿ ಅಂತ ಬರೆಯುತ್ತಿದ್ದೇವೆ. ನಾಲಾದ ನೀರು ಬೆಣ್ಣಿಹಳ್ಳಕ್ಕೆ ಒಮ್ಮೆಲೇ ಹೋಗದಂತೆ ನೋಡಬೇಕು ಅನ್ನುವ ಸಾಲನ್ನು ಮೊದಲನೇ ಪುಟದಲ್ಲೇ ಹಾಕಿದ್ದೇವೆ, ಕಾಕಾ.

ಒಂದೇ ತಕರಾರು ಉಳಿದಿದೆ, ಗಟಾರದ ಮೇಲಿನ ಅಂಗಡಿಗಳು. ನಮ್ಮ ಓಣಿಯ ತರಕಾರಿ ಮಾರುವ ಅವ್ವನವರು, ಪಂಕ್ಚರ್ ಅಂಗಡಿಯವರು ಎಲ್ಲ ಅದರ ಮೇಲೇ ಇದ್ದಾರೆ. ಅವರ ಹೊಟ್ಟೆ ಮೇಲೆ ಹೊಡೆಯುವ ಮನವಿಗೆ ಅರ್ಧ ಜನ ಸಹಿ ಹಾಕುವುದಿಲ್ಲ ಅನ್ನುತ್ತಿದ್ದಾರೆ.

ಫರಸಿ_ತೆಗೀರಿ
ನೀರು ಬಂದಾಗ ಅವರ ಅಂಗಡಿಯೇ ಮೊದಲು ಮುಳುಗುತ್ತದೆ. ತೆಗೆಯಲೇಬೇಕು.

ಅಕ್ಕನ_ಬಳಗ
ತೆಗೆಯಿರಿ ಅನ್ನುವುದು ಸುಲಭ ತಮ್ಮಾ. ಅವರು ಎಲ್ಲಿಗೆ ಹೋಗಬೇಕು ಅಂತಲೂ ಮನವಿಯಲ್ಲೇ ಬರೆಯಬೇಕು.

ಲೆವೆಲ್_ಮಷೀನ್
ಪೂರ್ತಿ ಎಬ್ಬಿಸುವ ಅಗತ್ಯ ಇಲ್ಲ. ಗಟ್ಟಿ ಫರಸಿಯ ಬದಲು ಎತ್ತಬಹುದಾದ ಸ್ಲ್ಯಾಬ್ ಹಾಕಿಸಿ, ಐದಾರು ಅಡಿಗೊಂದು ಕಬ್ಬಿಣದ ಜಾಳಿಗೆ ಕೂರಿಸಿ. ಹೂಳು ತೆಗೆಯುವ ದಿನ ಮಾತ್ರ ಅಂಗಡಿ ಸರಿಸಿದರೆ ಸಾಕು. ಗಾಡಿ ಮೇಲಿನ ಅಂಗಡಿಗೆ ಇದು ನಡೆಯುತ್ತದೆ. ಸಿಮೆಂಟ್ ಹಾಕಿ ಕಟ್ಟೆ ಕಟ್ಟಿಕೊಂಡವರಿಗೆ ನಡೆಯುವುದಿಲ್ಲ, ಅವರ ಹತ್ತಿರ ಕೂತು ಮಾತಾಡಲೇಬೇಕು.

ಫರಸಿ_ತೆಗೀರಿ
ಎತ್ತುವ ಸ್ಲ್ಯಾಬ್ ಆದರೆ ನನ್ನದೂ ತಕರಾರಿಲ್ಲ. ಜಾಳಿಗೆ ಕಳುವಾಗದಂತೆ ಬಿಜಾಗ್ರಿ ಹಾಕಿಸಲು ಹೇಳಿ.

ಲೆವೆಲ್_ಮಷೀನ್
ತಗ್ಗಿನ ಓಣಿಯವರೇ, ಮನವಿ ಕೊಡುವ ಮೊದಲು ನಾವೇ ಒಮ್ಮೆ ಮಟ್ಟ ಅಳೆದುಬಿಡೋಣ. ನನ್ನ ಹತ್ತಿರ ಹಳೇ ಲೆವೆಲ್ ಯಂತ್ರ ಇದೆ. ಭಾನುವಾರ ಬೆಳಿಗ್ಗೆ ಗಾಡಿ ಓಡಾಟ ಶುರುವಾಗುವ ಮೊದಲು ಆದರೆ ಚಲೋ. ಸ್ಟಾಫ್ ಅಂದರೆ ಅಳತೆ ಕೋಲು ಹಿಡಿಯಲು ಇಬ್ಬರು, ಬರೆದುಕೊಳ್ಳಲು ಒಬ್ಬರು ಬೇಕು.

ಬೆಣ್ಣಿಹಳ್ಳದ_ದಂಡೆ
ಸ್ಟಾಫ್ ಹಿಡಿಯಲು ನಾನು ಬರುತ್ತೇನೆ. ನವಲಗುಂದದಿಂದ ಮೊದಲನೇ ಬಸ್ಸಿಗೆ ಹೊರಟರೆ ಏಳು ಗಂಟೆಗೆ ಮುಟ್ಟುತ್ತೇನೆ. ನಾಲಾ ಸೇರುವ ಕಡೆಯಿಂದ ಶುರು ಮಾಡೋಣ, ಮೇಲಕ್ಕೆ ಹೋಗೋಣ.